ಅಮೆರಿಕದಲ್ಲಿ ಪಿಕಪ್ ಗಾಡಿಗೆ ಕೈಹಾಕುವ ಮುನ್ನ: ಮಂಡ್ಯ, ಮೈಸೂರಿನ ಕಡೆಯವರಿಗೆ ಒಂದು ಕೈಪಿಡಿ

ಪಾಂಡವಪುರದ ಹತ್ತಿರ ನಮ್ಮ ಆಲೆಮನೆಯ ಜಗಲಿಯ ಮೇಲೆ ಸಂಜೆ ಏಳರ ಹೊತ್ತಿಗೆ ಕುಳಿತಿದ್ದಾಗ ಡಲ್ಲಾಸ್‌ನಿಂದ ಅಕ್ಕನ ಮಗನ ವಿಡಿಯೊ ಕರೆ ಬಂತು. ಯಾರೋ ಓಡಿಸಿ ಮಾರಿದ ಫೋರ್ಡ್ ಎಫ್-150 ಪಿಕಪ್ ಕೊಂಡು ಅವನಿಗೆ ಒಂದು ವಾರವಾಗಿತ್ತು. "ಮಾವ, ಹಿಂದ್ಗಡೆ ಮುಚ್ಚಳ, ಸೈಡಿಗೆ ಮೆಟ್ಲು, ಮೇಲೊಂದು ಲೈಟ್ ಬಾರು, ಎಲ್ಲಾನೂ ನಾನೇ ಕೂರಿಸ್ಕೋಬೇಕು ಅಂತಿದ್ದೀನಿ. ಇಲ್ಲಿ ಆರ್‌ಟಿಒ ಥರ ಯಾರ್ನ ಕೇಳ್ಬೇಕು?" ಎಂದ. ಹದಿನಾಲ್ಕು ವರ್ಷ ಟೆಕ್ಸಾಸ್‌ನಲ್ಲಿದ್ದು ಈಗ ಊರಿಗೆ ಮರಳಿರುವ ನಾನು ಕಂಡಂತೆ, ಅಲ್ಲಿಗೆ ಹೋದ ನಮ್ಮ ಹುಡುಗರು ಎಡವುವುದು ಈ ಕೊನೆಯ ಪ್ರಶ್ನೆಯಲ್ಲೇ. ಆದ್ದರಿಂದ ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ನಂಬರು ಕೆಎ-11 ಇರಲಿ, ಕೆಎ-09 ಇರಲಿ, ತಕರಾರು ಬಂದರೆ ಹೋಗಿ ನಿಲ್ಲಬೇಕಾದ ಕಚೇರಿ ಯಾವುದೆಂಬುದು ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಅಂಥ ಒಂದೇ ಕಿಟಕಿ ಇಲ್ಲ. ದೀಪ, ಬ್ರೇಕುಗಳ ಮಾನದಂಡವೂ ಹೊಗೆಯ ಮೂಲ ಕಾನೂನೂ ಫೆಡರಲ್ ಸರ್ಕಾರದವು. ರಸ್ತೆಯಲ್ಲಿ ಪೊಲೀಸರು ಹಿಡಿದು ಕೇಳುವುದು ಆಯಾ ರಾಜ್ಯದ ನಿಯಮವನ್ನು. ಮನೆಯ ಮುಂದೆ ಏನನ್ನು ನಿಲ್ಲಿಸಬಹುದು ಎಂಬುದು ಬಡಾವಣೆಯ ಮನೆಮಾಲೀಕರ ಸಂಘದ ಕರಾರು. ಅಪಘಾತವಾದರೆ ಇವೆಲ್ಲವನ್ನೂ ಒಟ್ಟಿಗೆ ಹರಡಿಕೊಂಡು ಲೆಕ್ಕ ಹಾಕುವುದು ವಿಮಾ ಕಂಪನಿ. ಅಂಗಡಿಯವನು ರಾಜಾರೋಷವಾಗಿ ಮಾರುತ್ತಾನೆ ಎಂದ ಮಾತ್ರಕ್ಕೆ ಆ ವಸ್ತುವಿಗೆ ರಸ್ತೆಯಲ್ಲಿ ಒಪ್ಪಿಗೆ ಇದೆ ಎಂದು ತಿಳಿಯಬಾರದು. ಮೊದಲೇ ಬೇಡವೆನ್ನುವವರು ಯಾರೂ ಇಲ್ಲದ ಕಾರಣ, ಹೊಣೆಯೆಲ್ಲ ಸ್ಪ್ಯಾನರ್ ಹಿಡಿದವನ ಮೇಲೆಯೇ ಬೀಳುತ್ತದೆ.

ಯಾರನ್ನೂ ಕೇಳಬೇಕಿಲ್ಲ, ಮೊದಲು ಗಾಡಿಯನ್ನೇ ಕೇಳು ಎಂದು ನಾನು ಹೇಳಿದೆ. ಡ್ರೈವರ್ ಕಡೆಯ ಬಾಗಿಲನ್ನು ತೆರೆದು, ಬಾಗಿಲು ಬಂದು ಕೂರುವ ಕಂಬದ ಮೇಲೆ ಫೋನು ಹಿಡಿಯಲು ಹೇಳಿದಾಗ, ಹಳದಿ ಮತ್ತು ಬಿಳಿ ಬಣ್ಣದ ಚಿಕ್ಕ ಚೀಟಿಯೊಂದು ಕಾಣಿಸಿತು. ಟೈರುಗಳ ಅಳತೆ ಹಾಗೂ ಗಾಳಿಯ ಒತ್ತಡದ ಜೊತೆಗೆ, ಜನ ಮತ್ತು ಸಾಮಾನು ಸೇರಿ ಇಷ್ಟು ತೂಕವನ್ನು ಎಂದೂ ಮೀರಬಾರದು ಎಂಬ ಒಂದು ಸಾಲು ಅದರಲ್ಲಿರುತ್ತದೆ. ಪೌಂಡುಗಳ ದೇಶವಾದರೂ ಈ ಚೀಟಿಯಲ್ಲಿ ಕಿಲೋಗ್ರಾಮನ್ನೂ ಅಚ್ಚು ಮಾಡಿರುತ್ತಾರೆ. ನಮಗೆ ಅಷ್ಟು ಅನುಕೂಲ. ಒಂದೇ ಮಾದರಿಯ ಎರಡು ಗಾಡಿಗಳಲ್ಲಿ ಈ ಸಂಖ್ಯೆ ಬೇರೆಬೇರೆಯಾಗಿರಬಹುದಾದ್ದರಿಂದ ಜಾಹೀರಾತಿನಲ್ಲಿ ಹೇಳಿದ್ದನ್ನು ನಂಬದೆ ಬಾಗಿಲಲ್ಲಿ ಬರೆದಿರುವುದನ್ನೇ ನಂಬಬೇಕು. ಅವನದರಲ್ಲಿ 680 ಕೆ.ಜಿ. ಎಂದಿತ್ತು. ಮನೆಯವರು ನಾಲ್ವರು ಕುಳಿತರೆ 300 ಕೆ.ಜಿ. ಹೋಯಿತು. ಹಿಂಬದಿಗೆ ಗಾಜಿನ ಕಿಟಕಿಗಳಿರುವ ಫೈಬರ್ ಗೂಡು ಕೂರಿಸಿದರೆ ಸುಮಾರು 90, ಎರಡು ಬದಿಯ ಮೆಟ್ಟಿಲಿಗೆ 20 ಎಂದುಕೊಂಡರೂ ಉಳಿಯುವುದು 270. ಇನ್ನು 2000 ಕೆ.ಜಿ.ಯ ಟ್ರೇಲರ್ ಕಟ್ಟಿದರೆ, ಅದರ ಮೂತಿ ಕೊಕ್ಕೆಯ ಮೇಲೆ ಹೇರುವ ಭಾರ ಟ್ರೇಲರ್ ತೂಕದ ಶೇಕಡ 10ರಿಂದ 15 ಇರಬೇಕಾದ್ದರಿಂದ, 200ರಿಂದ 300 ಕೆ.ಜಿ. ಅಲ್ಲಿಗೇ ಹೊರಟುಹೋಗುತ್ತದೆ. ಒಂದು ಚೀಲ ಸಿಮೆಂಟನ್ನೂ ಹಾಕದೆ ಗಾಡಿ ತುಂಬಿದಂತಾಯಿತು. ಆ ಕಡೆ ಹುಡುಗ ಸುಮ್ಮನಾದ.

ನಮ್ಮ ಕಡೆ ಇದಕ್ಕೊಂದು ಸುಲಭ ಉಪಾಯವಿದೆ. ಕಬ್ಬು ಹೊಡೆಯುವ ಗಾಡಿ ಹಿಂದಕ್ಕೆ ಕುಸಿದರೆ ಸ್ಪ್ರಿಂಗ್ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿ, ಇನ್ನು ಚಿಂತೆಯಿಲ್ಲ ಎನ್ನುತ್ತಾರೆ. ಅಮೆರಿಕದಲ್ಲೂ ಹೆಚ್ಚುವರಿ ಸ್ಪ್ರಿಂಗ್, ಗಾಳಿ ತುಂಬುವ ಬ್ಯಾಗುಗಳು ಸಲೀಸಾಗಿ ಸಿಗುತ್ತವೆ. ಅವು ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸುತ್ತವೆಯೇ ಹೊರತು ಬಾಗಿಲಿನ ಸಂಖ್ಯೆಯನ್ನು ಒಂದು ಕಿಲೋ ಕೂಡ ಏರಿಸುವುದಿಲ್ಲ. ಆಕ್ಸೆಲ್, ಬ್ರೇಕು, ಚಾಸಿ, ಟೈರು ಎಲ್ಲ ಹಳೆಯವೇ ಅಲ್ಲವೇ? ಗಾಡಿಯನ್ನು ಎತ್ತರಿಸುವ ಕಿಟ್‌ಗಳ ಮಾತೂ ಅಷ್ಟೇ. ನೋಡಲು ಗತ್ತು ಬರುತ್ತದೆ, ನಿಜ. ಆದರೆ ಹೆಡ್‌ಲೈಟ್‌ಗಳು ಎದುರಿನವರ ಕಣ್ಣಿಗೆ ರಾಚತೊಡಗುತ್ತವೆ, ದೊಡ್ಡ ಟೈರಿನಿಂದ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಅಜ್ಜಿ ಬಂದರೆ ಹತ್ತಿಸಲು ಸ್ಟೂಲು ಬೇಕಾಗುತ್ತದೆ. ಆಫೀಸಿಗೂ ಅಂಗಡಿಗೂ ಓಡಾಡುವವರಿಗೆ ಇದು ಬೇಡದ ಖರ್ಚು ಎಂಬುದು ನನ್ನ ಅಭಿಪ್ರಾಯ.

ದೀಪಗಳ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡವನು. ಹಿಂಬದಿಯ ತೊಟ್ಟಿಗೆ ಬೆಳಕಿರಲಿ ಎಂದು ಒಂದು ಶನಿವಾರ ಎಲ್‌ಇಡಿ ಪಟ್ಟಿ ಅಂಟಿಸಿ, ಬ್ಯಾಟರಿಯಿಂದ ನೇರವಾಗಿ ವೈರು ಎಳೆದು, ಫ್ಯೂಸನ್ನು ನಾಳೆ ಹಾಕಿದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ಎರಡು ತಿಂಗಳಲ್ಲಿ ವೈರು ಚಾಸಿಯ ಅಂಚಿಗೆ ಉಜ್ಜಿ, ಮೇಲಿನ ಪ್ಲಾಸ್ಟಿಕ್ ಸವೆದು, ಒಂದು ಸಂಜೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬಾನೆಟ್ ಎತ್ತಿ ನೋಡಿದರೆ ಒಂದು ಮೊಳದಷ್ಟು ವೈರು ಕರಗಿ ಪಕ್ಕದ ಪೈಪಿಗೆ ಅಂಟಿಕೊಂಡಿತ್ತು. ಅಂದಿನಿಂದ ನನ್ನ ಕ್ರಮ ಬದಲಾಯಿತು: ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚುವುದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಕೂರಿಸುವುದು, ಹೆಚ್ಚು ಕರೆಂಟು ಎಳೆಯುವ ದೀಪಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹೊತ್ತಿಸಿ ಆರಿಸುವ ಸ್ವಿಚ್ಚು) ಹಾಕುವುದು, ಕಬ್ಬಿಣದ ಅಂಚು ದಾಟುವ ಕಡೆಯೆಲ್ಲ ವೈರಿಗೆ ಕೊಳವೆ ತೊಡಿಸುವುದು.

ಕಾನೂನಿನ ಕಡೆಯಿಂದ ನೋಡಿದರೆ, ಹ್ಯಾಲೊಜೆನ್‌ಗೆಂದು ಮಾಡಿದ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬನ್ನು ತುರುಕುವುದು ಫೆಡರಲ್ ಮಾನದಂಡಕ್ಕೆ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಾವಣಿಯ ಮೇಲಿನ ಲೈಟ್ ಬಾರನ್ನು ಸಾರ್ವಜನಿಕ ರಸ್ತೆಯಲ್ಲಿ ಬೆಳಕು ಸೋರದ ಹೊದಿಕೆಯಿಂದ ಮುಚ್ಚಿಕೊಂಡೇ ಹೋಗಬೇಕು. ಮುಂದಕ್ಕೆ ಕಾಣುವಂತೆ ಕೆಂಪು, ನೀಲಿ ದೀಪ ಹಾಕುವ ಯೋಚನೆಯನ್ನು ಯಾವ ರಾಜ್ಯದಲ್ಲೂ ಮಾಡಬಾರದು. ಅದು ಪೊಲೀಸರ ಗುರುತು.

ಎಂಜಿನ್ ಮತ್ತು ಸೈಲೆನ್ಸರಿನ ವಿಷಯದಲ್ಲಿ ಸಲಿಗೆಯೇ ಇಲ್ಲ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನಾಗಲಿ, ಡೀಸೆಲ್ ಗಾಡಿಯ ಮಸಿ ಹಿಡಿಯುವ ಫಿಲ್ಟರನ್ನಾಗಲಿ ತೆಗೆಯುವುದು ಫೆಡರಲ್ ಶುದ್ಧಗಾಳಿ ಕಾಯ್ದೆಯ ಉಲ್ಲಂಘನೆ. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯಂಥ ಭಾಗವನ್ನು ಬದಲಿಸಿದರೂ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಕೊಟ್ಟ ಆದೇಶ ಸಂಖ್ಯೆ ಅದಕ್ಕಿರಬೇಕು, ಇಲ್ಲವಾದರೆ ತಪಾಸಣೆಯಲ್ಲಿ ಗಾಡಿ ನಪಾಸಾಗುತ್ತದೆ. ಟೆಕ್ಸಾಸ್ 2025ರ ಜನವರಿ 1ರಿಂದ ಖಾಸಗಿ ವಾಹನಗಳ ಸುರಕ್ಷತಾ ತಪಾಸಣೆಯನ್ನು ಕೈಬಿಟ್ಟಿದೆಯಾದರೂ, ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಮುತ್ತಲ ಕೌಂಟಿಗಳಲ್ಲಿ ಹೊಗೆ ತಪಾಸಣೆ ಉಳಿದುಕೊಂಡಿದೆ. ಗಾಜಿನ ಫಿಲ್ಮಿನ ನಿಯಮದಲ್ಲೂ ಇದೇ ವ್ಯತ್ಯಾಸ: ಮುಂದಿನ ಬಾಗಿಲುಗಳ ಗಾಜು ಟೆಕ್ಸಾಸ್‌ನಲ್ಲಿ ಶೇಕಡ 25 ಬೆಳಕು ಬಿಟ್ಟರೆ ಸಾಕು, ಕ್ಯಾಲಿಫೋರ್ನಿಯಾದಲ್ಲಿ ಶೇಕಡ 70 ಬಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಪಿಕಪ್ಪನ್ನು ಸ್ವಂತಕ್ಕೆ ಕೊಂಡರೂ ಸಾಮಾನ್ಯವಾಗಿ ವಾಣಿಜ್ಯ ನಂಬರ್ ಪ್ಲೇಟನ್ನೇ ಕೊಡುತ್ತಾರೆ. ನಮ್ಮ ಹಳದಿ ಬೋರ್ಡನ್ನು ನೆನೆದು ಗಾಬರಿಯಾಗಬೇಕಿಲ್ಲ. ಆದರೆ ವಾಣಿಜ್ಯ ಪ್ಲೇಟಿನ ಗಾಡಿ ನಿಲ್ಲಿಸಲು ಬಿಡದ ಬಡಾವಣೆಗಳಿವೆ ಎಂಬುದನ್ನು ಮನೆ ಬಾಡಿಗೆಗೆ ಹಿಡಿಯುವಾಗಲೇ ನೋಡಿಕೊಳ್ಳಬೇಕು.

ಹೊರಗಿನ ಭಾಗ ಹಾಕಿದರೆ ವಾರಂಟಿ ಹೋಯಿತೆಂದು ಡೀಲರು ಹೆದರಿಸುವುದುಂಟು. 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯಿರುವುದರಿಂದ, ಆ ಭಾಗದಿಂದಲೇ ಕೆಟ್ಟಿತೆಂದು ತೋರಿಸದೆ ವಾರಂಟಿಯನ್ನು ನಿರಾಕರಿಸುವಂತಿಲ್ಲ. ವಿಮೆಯವರಿಗೆ ಮಾತ್ರ ನಾವೇ ಹೇಳಿ, ಹೆಚ್ಚುವರಿ ಸಾಮಾನಿಗೆಂದೇ ಇರುವ ರಕ್ಷಣೆಯನ್ನು ಸೇರಿಸಿಕೊಳ್ಳಬೇಕು. ಬಿಲ್ಲುಗಳ ಫೋಟೊ ಫೋನಿನಲ್ಲಿರಲಿ.

ಕೆಲಸವನ್ನು ಎಲ್ಲಿ ಮಾಡುವುದು ಎಂಬುದೂ ಒಂದು ಪ್ರಶ್ನೆಯೇ. ಅಪಾರ್ಟ್‌ಮೆಂಟಿನ ಬಾಡಿಗೆ ಕರಾರಿನಲ್ಲಿ ಅಂಗಳದಲ್ಲಿ ರಿಪೇರಿ ಮಾಡಬಾರದೆಂದು ಬರೆದಿರುವುದೇ ಹೆಚ್ಚು. ಸಲಕರಣೆಗಳಿಗೆ ದುಡ್ಡು ಸುರಿಯಬೇಕಿಲ್ಲ: ಆಟೋಜೋನ್, ಓರೈಲಿಯಂಥ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಟಾರ್ಕ್ ರೆಂಚ್ (ನಟ್ಟು ಎಷ್ಟು ಬಿಗಿಯಾಯಿತೆಂದು ಅಳೆಯುವ ಸ್ಪ್ಯಾನರ್) ಮೊದಲಾದವನ್ನು ಎರವಲು ಕೊಟ್ಟು, ಹಿಂದಿರುಗಿಸಿದಾಗ ಠೇವಣಿಯನ್ನು ಮರಳಿಸುತ್ತವೆ. ಚಕ್ರ ಬಿಚ್ಚಿದರೆ ನಟ್ಟುಗಳನ್ನು ಕಾಲಲ್ಲಿ ತುಳಿದು ಬಿಗಿ ಮಾಡುವ ನಮ್ಮ ಅಭ್ಯಾಸವನ್ನು ಬಿಟ್ಟು, ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ, ಅಂದರೆ ಇತ್ತೀಚಿನ ಎಫ್-150ಕ್ಕಾದರೆ 150 ಪೌಂಡ್-ಫೂಟ್‌ಗೆ, ಬಿಗಿದು, 100 ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಇನ್ನೊಂದು ಮಾತು: 2015ರ ಮಾದರಿಯಿಂದ ಎಫ್-150ರ ಬಾಡಿ ಅಲ್ಯುಮಿನಿಯಂ ಮಿಶ್ರಲೋಹದ್ದು. ಮ್ಯಾಗ್ನೆಟ್ ತಟ್ಟೆ ಅಂಟುವುದಿಲ್ಲ, ಉಕ್ಕಿನ ಬೋಲ್ಟನ್ನು ನೇರವಾಗಿ ಕೊರೆದು ಕೂರಿಸಿದರೆ ಆ ಜಾಗದ ಲೋಹ ತುಕ್ಕು ಹಿಡಿದಂತೆ ತಿಂದುಹೋಗಲು ಶುರುವಾಗುತ್ತದೆ. ಕೊರೆಯದೆ ಕ್ಲ್ಯಾಂಪ್‌ನಲ್ಲಿ ಕೂರುವ ಮುಚ್ಚಳವನ್ನೇ ಆರಿಸಿಕೊಳ್ಳಬೇಕು.

ತೊಟ್ಟಿಯಲ್ಲಿ ಜನರನ್ನು ಕೂರಿಸುವ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮಾರಿಹಬ್ಬಕ್ಕೂ ಮದುವೆ ದಿಬ್ಬಣಕ್ಕೂ ಗೂಡ್ಸ್ ಗಾಡಿಯಲ್ಲಿ ನಿಂತು ಹೋಗಿ ಬೆಳೆದವರು ನಾವು. ಟೆಕ್ಸಾಸ್‌ನಲ್ಲಿ 18 ವರ್ಷದೊಳಗಿನವರನ್ನು ತೆರೆದ ತೊಟ್ಟಿಯಲ್ಲಿ ಕರೆದೊಯ್ಯುವುದು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡವರನ್ನೂ ಕೂರಿಸುವಂತಿಲ್ಲ. ಹಾಗೆಯೇ, ಪಿಕಪ್ ಇದೆಯೆಂದು ತಿಳಿದ ಕೂಡಲೇ ಸ್ನೇಹಿತರೆಲ್ಲ ಮನೆ ಬದಲಿಸುವಾಗ ಕರೆಯುತ್ತಾರೆ. ಪುಕ್ಕಟೆಯಾಗಿ ಹೋಗಿ ಬಿಸಿಬೇಳೆಬಾತು ತಿಂದು ಬರಬಹುದು. ಆದರೆ ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವವರು ಬಾಡಿಗೆ ಪಡೆದು ಸಾಮಾನು ಸಾಗಿಸಿದರೆ ಅದು ಪರವಾನಗಿಯಿಲ್ಲದ ದುಡಿಮೆಯಾಗುತ್ತದೆ. ಖಾಸಗಿ ವಿಮೆಯೂ ಸಾಮಾನ್ಯವಾಗಿ ಕೈಕೊಡುತ್ತದೆ.

ಹುಡುಗ ಕೊನೆಗೆ ತೊಟ್ಟಿಗೆ ರಬ್ಬರ್ ಹಾಸು, ಮಡಚುವ ಹಗುರ ಮುಚ್ಚಳ, ಎರಡು ಮೆಟ್ಟಿಲು, ಇಷ್ಟಕ್ಕೆ ಒಪ್ಪಿಕೊಂಡ. ಗಾಡಿಯಿಂದ ಬಿಚ್ಚಿದ ಮೂಲ ಭಾಗಗಳನ್ನು ಎಸೆಯದೆ ಗ್ಯಾರೇಜಿನ ಮೂಲೆಯಲ್ಲಿಡು ಎಂದೆ. ಊರಿಗೆ ಹೊರಡುವಾಗ ಗಾಡಿ ಮಾರಲು ಹೋದರೆ ಡೀಲರು ಈ ಅಲಂಕಾರಕ್ಕೆ ಹೆಚ್ಚಿನ ಬೆಲೆ ಕಟ್ಟುವುದಿಲ್ಲ. ಮೂಲ ಭಾಗಗಳನ್ನು ಮತ್ತೆ ಕೂರಿಸಿ, ಮುಚ್ಚಳ ಮೆಟ್ಟಿಲುಗಳನ್ನು ಬೇರೆಯಾಗಿ ಮಾರಿದರೆ ಕೈಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ.