ಕೆಂಪು ಕಾಲಿನ ನೆಲನೆಲ್ಲಿ

ನಮ್ಮ ಮನೆ ಇರುವುದು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ಮಳೆ ಹಿಡಿದು ಇಪ್ಪತ್ತು ದಿನ ಕಳೆದರೆ ಅಂಗಳದ ಅಂಚು, ಅಡಿಕೆ ತೋಟದ ಕಟ್ಟಪುಣಿ ಎಲ್ಲ ಕಡೆ ನೆಲನೆಲ್ಲಿ ಎದ್ದು ನಿಲ್ಲುತ್ತದೆ. ಯಾರಿಗಾದರೂ ಅರಸಿನ ಮುಂಡಿಗೆ, ಅಂದರೆ ಕಾಮಾಲೆ, ಆದರೆ ಅಜ್ಜಿ ಅದನ್ನು ಬೇರು ಸಮೇತ ಕಿತ್ತು, ತೊಳೆದು, ಕಲ್ಲಿನಲ್ಲಿ ನುಣ್ಣಗೆ ಅರೆದು, ದನದ ಹಾಲಿನಲ್ಲಿ ಕದಡಿ ಬರಿಹೊಟ್ಟೆಗೆ ಕೊಡುತ್ತಿದ್ದರು. ಎಣ್ಣೆ, ಒಗ್ಗರಣೆ ಬಂದ್. ಗಂಜಿ ಮಾತ್ರ.

ಎಂ.ಫಾರ್ಮಾ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನನಗೆ ಬೇರೇನೂ ಹೊಳೆಯಲಿಲ್ಲ. ನೆಲನೆಲ್ಲಿಯಲ್ಲಿ ಫಿಲಾಂಥಿನ್ ಎಂಬ ವಸ್ತು ಇದೆ, ಅದು ಜಾಸ್ತಿ ಇರುವುದು ಎಲೆಯಲ್ಲಿ. ಗಿಡವನ್ನು ಬೇರೆ ಬೇರೆ ರೀತಿ ಒಣಗಿಸಿದರೆ ಅದರ ಪ್ರಮಾಣ ಎಷ್ಟು ಬದಲಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಕಾಗದದಲ್ಲಿ ಬಹಳ ಸುಲಭ ಕಂಡಿತು.

ಗಿಡ ಸಿಗುವುದು ಮಳೆ ಜೋರಿರುವ ಆಟಿ ತಿಂಗಳಲ್ಲಿ. ನಮ್ಮಲ್ಲಿ ಆಗ ಬಟ್ಟೆಯೇ ಒಣಗುವುದಿಲ್ಲ, ಗಿಡ ಎಲ್ಲಿಂದ ಒಣಗಬೇಕು? ಮೊದಲ ಕಂತನ್ನು ಜಗಲಿಯಲ್ಲಿ ಪೇಪರ್ ಮೇಲೆ ಹರಡಿದೆ. ನಾಲ್ಕನೇ ದಿನಕ್ಕೆ ಬಿಳಿ ಬೂಸಲು. ಎರಡನೆಯದನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಚೆನ್ನಾಗಿಯೇ ಒಣಗಿತು, ಆದರೆ ಹೊಗೆ ಕುಡಿದಿತ್ತು. ಸಾರದಲ್ಲಿರುವ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸಿ ತೋರಿಸುವ ಸಿಲಿಕಾ ಪ್ಲೇಟಿನ ಮೇಲೆ ಲ್ಯಾಬಿನಲ್ಲಿ ಅದನ್ನು ಓಡಿಸಿದಾಗ ಎಲ್ಲಿಯೂ ಇಲ್ಲದ ನಾಲ್ಕಾರು ಚುಕ್ಕೆಗಳು. ಗೈಡ್ ಉತ್ಸಾಹದಿಂದ 'ಇದೇನು ಹೊಸದು?' ಎಂದು ಕೇಳಿದರು. ತೆಂಗಿನ ಗೆರಟೆಯ ಹೊಗೆ ಎಂದು ಹೇಳಲು ನಾಚಿಕೆಯಾಯಿತು.

ಕೊನೆಗೆ ಸರಿಯಾದದ್ದು ಫ್ಯಾನು. ಚಾವಡಿಯಲ್ಲಿ ಹಳೆಯ ಸೀರೆ ಹಾಸಿ, ತೆಳ್ಳಗೆ ಹರಡಿ, ಹಗಲೂ ರಾತ್ರಿ ಫ್ಯಾನು. ಸೀರೆ ಯಾಕೆ ಎಂದರೆ, ನೆಲನೆಲ್ಲಿ ಒಣಗುವಾಗ ಎಲೆಯೆಲ್ಲ ಪುಡಿಪುಡಿಯಾಗಿ ಉದುರುತ್ತದೆ. ಸುಮ್ನೆ ಕಟ್ಟು ಎತ್ತಿ ಚೀಲಕ್ಕೆ ತುಂಬಿದರೆ ಕೈಯಲ್ಲಿ ಉಳಿಯುವುದು ಕಡ್ಡಿ. ಬೇಕಾದದ್ದು ಎಲೆಯಲ್ಲಿ ಇರುವಾಗ ಕಡ್ಡಿ ತೂಗಿ ಏನು ಪ್ರಯೋಜನ? ಅಂಗಡಿಯಲ್ಲಿ ಒಣ ನೆಲನೆಲ್ಲಿ ಕೊಳ್ಳುವವರು ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿ. ಎಷ್ಟೋ ಕಟ್ಟುಗಳಲ್ಲಿ ಎಲೆಯೇ ಇರುವುದಿಲ್ಲ.

ಇಷ್ಟಾದ ಮೇಲೂ ಅಂಕಿಗಳು ಕೂಡಿ ಬರಲಿಲ್ಲ. ಒಂದೇ ತೋಟ, ಒಂದೇ ವಾರ, ಒಂದೇ ಫ್ಯಾನು. ಒಂದು ಚೀಲದಲ್ಲಿ ಫಿಲಾಂಥಿನ್ ಚುಕ್ಕೆ ದಪ್ಪ, ಇನ್ನೊಂದರಲ್ಲಿ ಇದೆಯೋ ಇಲ್ಲವೋ ಎಂಬಷ್ಟು ತೆಳು. ಸಾರ ಇಳಿಸುವ ಮೆಥನಾಲ್ ಬದಲಿಸಿದೆ, ಪ್ಲೇಟು ಬದಲಿಸಿದೆ, ಕಾಯಿಸಿ ಸಾರ ತೆಗೆಯುವ ಸೋಕ್ಸ್‌ಲೆಟ್ ಉಪಕರಣ ಬಿಟ್ಟು ತಣ್ಣಗೆ ನೆನೆಹಾಕಿ ನೋಡಿದೆ. ಎರಡು ತಿಂಗಳು ಹೋಯಿತು.

ರಜೆಗೆ ಮನೆಗೆ ಬಂದು ಗಿಡಗಳನ್ನು ಹರಡಿಕೊಂಡು ಕೂತಿದ್ದಾಗ ಅಜ್ಜಿ ಕಾಲಿನಲ್ಲೇ ಒಂದು ಗಿಡ ಸರಿಸಿದರು. 'ಕೆಂಪು ಕಾಲಿನದ್ದು ಯಾಕೆ ತಂದಿ? ಅದು ಮದ್ದಿಗೆ ಆಗದು.'

ಆಗ ನೋಡಿದೆ. ರಾಶಿಯಲ್ಲಿ ಎರಡು ಗಿಡ ಇತ್ತು. ಒಂದರ ದಂಟು ಮಾಸಲು ಹಸಿರು, ಕಾಯಿ ನುಣುಪು, ಸಣ್ಣ ತೊಟ್ಟಿನಲ್ಲಿ ನೇತಾಡುತ್ತದೆ. ಅದು ಫಿಲಾಂಥಸ್ ಅಮಾರಸ್. ಇನ್ನೊಂದರ ದಂಟು ಕೆಂಪು, ಕಾಯಿ ತರಿತರಿ, ತೊಟ್ಟಿಲ್ಲದೆ ಎಲೆಯ ಅಡಿಗೆ ಅಂಟಿಕೊಂಡಿರುತ್ತದೆ. ಅದು ಫಿಲಾಂಥಸ್ ಯೂರಿನೇರಿಯಾ. ಕಿತ್ತು ತಂದ ಕೆಲಸದವರದ್ದು ತಪ್ಪಿಲ್ಲ. ನಾನು ತುಳುವಿನಲ್ಲಿ ನೆಲನೆಲ್ಲಿ ಎಂದೆ, ಅವರು ನೆಲನೆಲ್ಲಿ ತಂದರು. ಇಲ್ಲಿ ಮನೆಯಲ್ಲಿ ಒಂದು ಭಾಷೆ, ತೋಟದಲ್ಲಿ ಒಂದು, ಪೇಟೆಯಲ್ಲಿ ಕೀಳಾರ್‌ನೆಲ್ಲಿ ಎನ್ನುವ ಮಲಯಾಳ. ಹೆಸರು ಮೂರಾದರೂ ಗಿಡ ಎರಡು ಎಂದು ಯಾರೂ ನನಗೆ ಹೇಳಿರಲಿಲ್ಲ. ಅಜ್ಜಿ ಹೇಳಿದ್ದಿರಬಹುದು, ನಾನು ಕೇಳಿಸಿಕೊಂಡಿರಲಿಕ್ಕಿಲ್ಲ.

ಈ ಗೊಂದಲ ನನ್ನದೊಂದೇ ಅಲ್ಲ ಎಂದು ಆಮೇಲೆ ಓದಿ ತಿಳಿಯಿತು. ನಮ್ಮ ಹಳೆಯ ಪುಸ್ತಕಗಳು ಇವನ್ನೆಲ್ಲ ಫಿಲಾಂಥಸ್ ನಿರುರಿ ಎಂದು ಒಂದೇ ಬುಟ್ಟಿಗೆ ಹಾಕಿದ್ದವು. ನಿಜವಾದ ನಿರುರಿ ಅಮೆರಿಕದ ಗಿಡ. ನಮ್ಮಲ್ಲಿ ಆ ಹೆಸರಿನಲ್ಲಿ ಓಡಾಡುತ್ತಿರುವುದು ಬೇರೆ ಬೇರೆ ಜಾತಿಗಳು ಎಂದು 1985ರಲ್ಲಿ ಸಸ್ಯಶಾಸ್ತ್ರಜ್ಞರು ಬಿಡಿಸಿ ತೋರಿಸಿದರು. 2010ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ದಕ್ಷಿಣ ಭಾರತದ ಅಂಗಡಿಗಳ ಮಾಲನ್ನು ಡಿಎನ್ಎ ಹಿಡಿದು ನೋಡಿದಾಗ ಸುಮಾರು ಮುಕ್ಕಾಲು ಪಾಲು ಅಮಾರಸ್, ಉಳಿದದ್ದು ಅದರ ನೆಂಟರು. ತಮಾಷೆ ಎಂದರೆ ಮಲಬಾರಿನ ಗಿಡಗಳ ಬಗ್ಗೆ ಡಚ್ಚರು ಮಾಡಿಸಿದ ಹೋರ್ಟಸ್ ಮಲಬಾರಿಕಸ್ ಪುಸ್ತಕದ, 1690ರಲ್ಲಿ ಅಚ್ಚಾದ ಹತ್ತನೇ ಸಂಪುಟದಲ್ಲಿ ಕಿರ್ಗನೆಲಿ ಬೇರೆ, ಚೆರು ಕಿರ್ಗನೆಲಿ ಬೇರೆ ಎಂದು ಎರಡು ಚಿತ್ರ ಇದೆ. ಆ ಕಾಲದ ಮಲಬಾರಿನ ವೈದ್ಯರಿಗೆ ಗೊತ್ತಿತ್ತು, ಅಲ್ವಾ?

ಮತ್ತೆ ಎಲ್ಲ ಮೊದಲಿಂದ. ಈ ಸಲ ಒಂದೊಂದೇ ಗಿಡ ಕೈಯಲ್ಲಿ ಹಿಡಿದು, ತಿರುವಿ ಕಾಯಿ ನೋಡಿ, ಎರಡು ಚೀಲ ಮಾಡಿದೆ. ಹಸಿರಿನದ್ದರಲ್ಲಿ ಚುಕ್ಕೆ ಪ್ರತಿ ಸಲ ಒಂದೇ ಜಾಗದಲ್ಲಿ, ದಪ್ಪಕ್ಕೆ. ನನ್ನ ಕೆಂಪಿನ ಮಾದರಿಗಳಲ್ಲಿ ಆ ಜಾಗ ಖಾಲಿ. ಕೆಂಪು ಕಾಲಿನದ್ದರಲ್ಲಿ ಮದ್ದಿನ ಗುಣವೇ ಇಲ್ಲ ಎಂದು ಇದರ ಅರ್ಥವಲ್ಲ. ನಾನು ಹುಡುಕಿದ್ದು ಅದರಲ್ಲಿ ಕಾಣಲಿಲ್ಲ, ಅಷ್ಟೇ.

ಹಾಲಿನ ವಿಷಯವನ್ನೂ ನೋಡಬೇಕು ಅನ್ನಿಸಿತು. ಫಿಲಾಂಥಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಜಿಡ್ಡಿನ ಜೊತೆ ಹೋಗುವ ವಸ್ತು. ನೀರಿನ ಕಷಾಯದಲ್ಲಿ ಚುಕ್ಕೆ ಬಹಳ ಮಂಕಾಗಿ ಬಂತು. ಹಾಗಾದರೆ ಹಾಲಿನಲ್ಲಿ ಅರೆಯುವುದಕ್ಕೆ ಇದೇ ಕಾರಣವೋ ಎಂದು ಹಾಲಿನಲ್ಲೇ ಪ್ರಯತ್ನಿಸಿದೆ. ಫಿಲ್ಟರ್ ಕಟ್ಟಿಹೋಯಿತು, ಪ್ಲೇಟಿನ ಮೇಲೆ ಬೆಣ್ಣೆ ಎಳೆದ ಹಾಗೆ ಗೆರೆ. ಅದನ್ನು ಅಲ್ಲಿಗೇ ಬಿಟ್ಟೆ. ನನ್ನ ಊಹೆ ಊಹೆಯಾಗಿಯೇ ಉಳಿದಿದೆ.

'ಹಾಗಾದರೆ ಇದರಿಂದ ಕಾಮಾಲೆ ಗುಣವಾಗುತ್ತದೆಯೇ?' ಎಂದು ಎಲ್ಲರೂ ಕೇಳುತ್ತಾರೆ. ಪ್ಲೇಟಿನ ಚುಕ್ಕೆ ಅದಕ್ಕೆ ಉತ್ತರ ಹೇಳುವುದಿಲ್ಲ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಜೊತೆಗಾರರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಅವರ ಜೊತೆ, ಕಾಮಾಲೆ ತರಬಲ್ಲ ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಇದ್ದರು. ವೈರಸ್ ಹೊತ್ತಿದ್ದ 37 ಮಂದಿಗೆ ಅಮಾರಸ್ ಪುಡಿ ಕೊಟ್ಟಾಗ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತು. ಹೋಲಿಕೆಗಾಗಿ ಸುಳ್ಳು ಮದ್ದು ಪಡೆದ 23ರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ದೊಡ್ಡ ಸುದ್ದಿ. ಆದರೆ ಆಮೇಲೆ ಥಾಯ್ಲೆಂಡ್, ನ್ಯೂಜಿಲೆಂಡಿನಲ್ಲಿ ಮಾಡಿದಾಗ ಅಂಥ ಫಲ ಸಿಗಲಿಲ್ಲ. ಮೊದಲ ಫಲ ಸಣ್ಣ ಗುಂಪಿನದ್ದು, ಅದು ಆಕಸ್ಮಿಕವೂ ಇರಬಹುದು. ಗಿಡ ಬೆಳೆದ ಜಾಗ, ಕೊಯ್ದ ಕಾಲದ ವ್ಯತ್ಯಾಸವೂ ಇರಬಹುದು. ಎರಡು ತಿಂಗಳು ಎರಡು ಗಿಡ ಕಲಸಿ ಕೂತ ನನಗೆ ಎರಡನೆಯ ಮಾತು ತಟ್ಟಿತು. ಮೊದಲನೆಯದನ್ನು ಮರೆಯಬಾರದು ಎಂದು ಗೈಡ್ ಗದರಿದರು.

ಅವರೇ ಕೇಳಿದ ಇನ್ನೊಂದು ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹಾಗಿರುವಾಗ ನಿಮ್ಮ ಅಜ್ಜಿಯ ಮದ್ದು ಕೆಲಸ ಮಾಡಿತು ಎಂದು ಹೇಗೆ ಹೇಳುತ್ತೀರಿ? ನಾನು ಇದನ್ನು ಅಜ್ಜಿಗೂ ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. 'ಹೊಟ್ಟೆ ಊದಿದವರನ್ನು, ಮಾತು ತಡವರಿಸಿದವರನ್ನು ನಾನು ಎಂದಾದರೂ ಇಟ್ಟುಕೊಂಡಿದ್ದೇನಾ? ಸೀದಾ ಮಂಗಳೂರಿಗೆ ಕಳಿಸುತ್ತಿದ್ದೆ' ಎಂದರು.

ಈಗ ಯಾರಾದರೂ ಕಣ್ಣು ಹಳದಿಯಾಗಿ ಮನೆಗೆ ಬಂದರೆ ಮೊದಲು ಬಿಲಿರುಬಿನ್, ಎಸ್‌ಜಿಪಿಟಿ ಎಂಬ ಲಿವರ್ ಟೆಸ್ಟ್, ಹೆಪಟೈಟಿಸ್ ಟೆಸ್ಟ್ ಮಾಡಿಸಿ ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ. ಎರಡು ಗಿಡಗಳನ್ನು ಒಣಗಿಸಿ ಅಂಟಿಸಿದ ನನ್ನ ಹರ್ಬೇರಿಯಂ ಹಾಳೆ ಎರಡೂ ಕಾಲೇಜಿನಲ್ಲಿವೆ. ಊರಿನ ಹೆಸರು ಎಂಬ ಜಾಗದಲ್ಲಿ ಒಂದಕ್ಕೆ ನೆಲನೆಲ್ಲಿ ಎಂದು ಬರೆದೆ. ಇನ್ನೊಂದಕ್ಕೆ ಕೆಂಪು ಕಾಲಿನದ್ದು ಎಂದು ಬರೆದಾಗ ಅಲ್ಲಿನವರು ಇದು ಹೆಸರೇ ಅಲ್ಲ ಎಂದು ತಕರಾರು ತೆಗೆದರು. ನಾನು ಅಳಿಸಲಿಲ್ಲ.