ತಪ್ಪು ಮಾಹಿತಿ ಕೊಟ್ಟು ತಂತ್ರಾಂಶವನ್ನು ಪರೀಕ್ಷಿಸುವುದು ಹೇಗೆ?

ಮುಂಬೈಯ ಉಪನಗರವೊಂದರ ಕನ್ನಡ ಸಂಘದವರು ಯಕ್ಷಗಾನ ಪ್ರದರ್ಶನದ ಟಿಕೆಟ್‌ಗಳನ್ನು ಆನ್‌ಲೈನ್‌ನಲ್ಲಿ ಮಾರಲು ಒಂದು ಫಾರ್ಮ್ ಸಿದ್ಧಪಡಿಸಿ, ಜನರಿಗೆ ಬಿಡುವ ಮೊದಲು ಒಮ್ಮೆ ನೋಡಿಕೊಡುವಂತೆ ಕಳೆದ ಮಳೆಗಾಲದಲ್ಲಿ ನನ್ನನ್ನು ಕೇಳಿದ್ದರು. ಹೆಸರು, ಮೊಬೈಲ್ ಸಂಖ್ಯೆ, ಪಿನ್ ಕೋಡ್, ಬೇಕಾದ ಆಸನಗಳ ಸಂಖ್ಯೆ ಇವಿಷ್ಟನ್ನು ತುಂಬಿ ಹಣ ಕಟ್ಟಿದರೆ ಟಿಕೆಟ್ ಮೊಬೈಲಿಗೆ ಬರಬೇಕು. ಸರಿಯಾದ ವಿವರಗಳನ್ನು ತುಂಬಿದಾಗ ಎಲ್ಲವೂ ಸರಿಯಾಗಿಯೇ ನಡೆಯಿತು. ಆಸನಗಳ ಜಾಗದಲ್ಲಿ ಮೈನಸ್ 2 ಎಂದು ತುಂಬಿದಾಗ ಮಾತ್ರ ಕಟ್ಟಬೇಕಾದ ಮೊತ್ತ ಮೈನಸ್ 600 ರೂಪಾಯಿ ಎಂದು ತೋರಿತು. ಖಾಲಿ ಆಸನಗಳ ಲೆಕ್ಕ 400ರಿಂದ 402ಕ್ಕೆ ಏರಿತು.

ಬಳಕೆದಾರ ತಪ್ಪು ಮಾಡಿದಾಗ, ಅಥವಾ ಬೇಕೆಂದೇ ಅಡ್ಡದಾರಿ ಹಿಡಿದಾಗ, ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡುವ ಈ ಕೆಲಸಕ್ಕೆ ನೆಗೆಟಿವ್ ಟೆಸ್ಟಿಂಗ್ ಎನ್ನುತ್ತಾರೆ. ಇದಕ್ಕೆ ದುಬಾರಿ ಸಲಕರಣೆಗಳು ಬೇಕಾಗಿಲ್ಲ. ಆದರೆ ಸಿಕ್ಕಸಿಕ್ಕ ಕೀಲಿಗಳನ್ನು ಒತ್ತಿ ನೋಡುವುದೇ ಈ ಪರೀಕ್ಷೆ ಎಂದು ತಿಳಿದವರು ಬಹಳ ಮಂದಿ ಇರುವುದರಿಂದ, ಕ್ರಮವಾಗಿ ಮಾಡುವ ಬಗೆಯನ್ನು ಆ ಫಾರ್ಮ್ ಅನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ ನಿಯಮಗಳನ್ನು ಬರೆದುಕೊಳ್ಳುವುದು. ಯಾವುದು ಸರಿ ಎಂಬುದು ಗೊತ್ತಿಲ್ಲದೆ ಯಾವುದು ತಪ್ಪು ಎಂದು ಹೇಳಲಾಗದು. ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿಗಳಿರಬೇಕು, ಮೊದಲ ಅಂಕಿ 6ರಿಂದ 9ರೊಳಗೆ ಇರಬೇಕು. ಪಿನ್ ಕೋಡ್‌ನಲ್ಲಿ 6 ಅಂಕಿಗಳು, ಮೊದಲನೆಯದು ಸೊನ್ನೆಯಾಗಿರಬಾರದು. ಒಬ್ಬರಿಗೆ ಎಷ್ಟು ಆಸನ ಎಂದು ಕೇಳಿದಾಗ ಸಂಘದ ಕಾರ್ಯದರ್ಶಿಯವರಾಗಲಿ, ಫಾರ್ಮ್ ಬರೆದ ಹುಡುಗನಾಗಲಿ ಅದನ್ನು ಯೋಚಿಸಿಯೇ ಇರಲಿಲ್ಲ. ಮಾತಾಡಿ 1ರಿಂದ 6 ಎಂದು ನಿಶ್ಚಯಿಸಿದೆವು. ಪರೀಕ್ಷೆ ಶುರುವಾಗುವ ಮೊದಲೇ ಒಂದು ದೋಷ ಸಿಕ್ಕಿತ್ತು.

ಎರಡನೆಯದಾಗಿ, ಪ್ರತಿ ನಿಯಮದ ಅಂಚಿಗೆ ಹೋಗಿ ನಿಲ್ಲಬೇಕು. ಆಸನಗಳಿಗೆ 1ರಿಂದ 6 ಎಂಬ ನಿಯಮವಿದ್ದರೆ 0 ಮತ್ತು 7 ಮುಖ್ಯವಾದ ತಪ್ಪುಗಳು; ಅವುಗಳ ನಂತರ ಮೈನಸ್ ಸಂಖ್ಯೆ, ಒಂದೂವರೆ, ಖಾಲಿ ಜಾಗ, ‘ಎರಡು’ ಎಂದು ಅಕ್ಷರದಲ್ಲಿ ಬರೆದದ್ದು, ಹನ್ನೆರಡು ಅಂಕಿಗಳ ದೊಡ್ಡ ಸಂಖ್ಯೆ. ಸೊನ್ನೆಯನ್ನು ಯಾವತ್ತೂ ಬಿಡಬೇಡಿ. 1997ರಲ್ಲಿ ಅಮೆರಿಕದ ನೌಕಾಪಡೆಯ ಯಾರ್ಕ್‌ಟೌನ್ ಎಂಬ ಯುದ್ಧನೌಕೆಯಲ್ಲಿ ಸಿಬ್ಬಂದಿಯೊಬ್ಬರು ಡೇಟಾಬೇಸಿನ ಒಂದು ಅಂಕಣದಲ್ಲಿ ಸೊನ್ನೆ ತುಂಬಿದ್ದರಿಂದ, ಸೊನ್ನೆಯಿಂದ ಭಾಗಿಸಲು ಹೊರಟ ಕಂಪ್ಯೂಟರ್ ಜಾಲ ಕುಸಿದು, ಹಡಗು ಸಮುದ್ರದ ನಡುವೆ ಚಾಲನಶಕ್ತಿಯನ್ನೇ ಕಳೆದುಕೊಂಡು ನಿಂತಿತ್ತು.

ಒಂದು ಸಲಕ್ಕೆ ಒಂದೇ ತಪ್ಪು ಮಾಡಿ ಎಂಬುದನ್ನು ಹೊಸಬರಿಗೆ ನಾನು ಒತ್ತಿ ಹೇಳುತ್ತೇನೆ. ಮೊಬೈಲ್ ಸಂಖ್ಯೆಯನ್ನೂ ಪಿನ್ ಕೋಡನ್ನೂ ಒಟ್ಟಿಗೆ ತಪ್ಪಾಗಿ ತುಂಬಿದರೆ, ಫಾರ್ಮ್ ಮೊದಲನೆಯದನ್ನು ಕಂಡೊಡನೆ ತಡೆಯುತ್ತದೆ. ಎರಡನೆಯದನ್ನು ಅದು ನೋಡಿತೋ ಇಲ್ಲವೋ ನಿಮಗೆ ತಿಳಿಯುವುದೇ ಇಲ್ಲ.

ಮೂರನೆಯ ಹೆಜ್ಜೆಯಲ್ಲಿ ಅನುಭವಿಗಳೂ ಎಡವುತ್ತಾರೆ. ಟೆಸ್ಟ್ ಕೇಸ್, ಅಂದರೆ ಏನು ತುಂಬಬೇಕು, ಏನಾಗಬೇಕು ಎಂಬ ಟಿಪ್ಪಣಿ ಬರೆಯುವಾಗ, ಬರಬೇಕಾದ ಫಲಿತಾಂಶದ ಅಂಕಣದಲ್ಲಿ ‘ದೋಷ ತೋರಿಸಬೇಕು’ ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಅಷ್ಟು ಸಾಲದು, ಬೇಡವೆನ್ನುವುದಕ್ಕೂ ಒಂದು ರೀತಿಯಿದೆ, ಅದನ್ನು ಮೊದಲೇ ಬರೆದಿಡಬೇಕು. ಪರದೆಯ ಮೇಲೆ ಯಾವ ಮಾತು ಬರಬೇಕು? ‘ಅಮಾನ್ಯ ಇನ್‌ಪುಟ್’ ಎಂಬ ಸಾಲಿನಿಂದ ಮಾಟುಂಗಾದಲ್ಲಿ ಕುಳಿತ ಎಪ್ಪತ್ತರ ಅಜ್ಜನಿಗೆ ಏನೂ ತಿಳಿಯುವುದಿಲ್ಲ. ‘ಒಬ್ಬರು 1ರಿಂದ 6 ಆಸನಗಳನ್ನು ಕಾಯ್ದಿರಿಸಬಹುದು’ ಎಂದರೆ ಅವರೇ ತಿದ್ದಿಕೊಳ್ಳುತ್ತಾರೆ. ಅವರು ತುಂಬಿದ ಉಳಿದ ವಿವರಗಳು ಅಳಿಸಿಹೋಗದೆ ಇದ್ದವೇ? ಡೇಟಾಬೇಸಿನಲ್ಲಿ ಅರ್ಧಂಬರ್ಧ ದಾಖಲೆಯೇನಾದರೂ ಉಳಿಯಿತೇ? ಈ ಕೊನೆಯದನ್ನು ಪರದೆ ಎಂದೂ ಹೇಳುವುದಿಲ್ಲ, ಒಳಗೆ ಹೋಗಿಯೇ ನೋಡಬೇಕು. ನಮ್ಮ ಫಾರ್ಮ್ 7 ಆಸನಗಳನ್ನು ಬೇಡವೆಂದಿತ್ತು, ಆದರೆ ಬೇಡವೆನ್ನುವ ಮೊದಲೇ ಆ ಏಳನ್ನೂ ಕಾಯ್ದಿರಿಸಿದ ಪಟ್ಟಿಗೆ ಸೇರಿಸಿಟ್ಟಿತ್ತು.

ಹೆಸರಿನ ಅಂಕಣಕ್ಕೆ ನಾನು ಇಡೀ ಒಂದು ಮಧ್ಯಾಹ್ನ ಕೊಟ್ಟೆ, ಏಕೆಂದರೆ ನಮ್ಮ ಊರಿನಲ್ಲಿ ಹೆಸರುಗಳಿಗೆ ನೂರು ಬಗೆಯಿದೆ. ಮಂಗಳೂರು ಕಡೆಯಿಂದ ಬಂದ ಡಿಸೋಜ ಕುಟುಂಬದವರು ಇಂಗ್ಲಿಷ್‌ನಲ್ಲಿ ಹೆಸರು ಬರೆಯುವಾಗ ಡಿ ಅಕ್ಷರದ ನಂತರ ಅಪಾಸ್ಟ್ರಫಿ ಹಾಕುತ್ತಾರೆ. ಅದೇ ಚಿಹ್ನೆಯನ್ನು ಬಳಸಿ ಡೇಟಾಬೇಸಿಗೆ ಕಳ್ಳ ಆಜ್ಞೆಗಳನ್ನು ತೂರಿಸುವುದು ಹಳೆಯ ದಾಳಿ. ಅದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ಆ ಭಯದಿಂದ ಚಿಹ್ನೆಯನ್ನೇ ನಿಷೇಧಿಸಿದರೆ ಡಿಸೋಜ ಅವರಿಗೆ ಟಿಕೆಟ್ ಸಿಗುವುದಿಲ್ಲ, ಹಾಗೆಯೇ ಬಿಟ್ಟರೆ ದಾಳಿಕೋರನಿಗೆ ದಾರಿ ಸಿಗುತ್ತದೆ. ಆದ್ದರಿಂದ ಎರಡನ್ನೂ ಪರೀಕ್ಷಿಸಬೇಕು: ಹೆಸರು ಇದ್ದ ಹಾಗೆಯೇ ಉಳಿಯಬೇಕು, ಆಜ್ಞೆ ಓಡಬಾರದು. ಮಹಾರಾಷ್ಟ್ರದ ರೂಢಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಕಡ್ಡಾಯವೆಂದರೆ, ಒಂದು ಇನಿಷಿಯಲ್ ಬಿಟ್ಟರೆ ಬೇರೇನೂ ಇಲ್ಲದ ನಮ್ಮವರು ಅಲ್ಲಿಯೇ ನಿಂತುಬಿಡುತ್ತಾರೆ.

ಕನ್ನಡದಲ್ಲೇ ಹೆಸರು ಬರೆಯುವವರನ್ನೂ ಮರೆಯಬಾರದು. ‘ಶ್ರೀ’ ಕಣ್ಣಿಗೆ ಒಂದೇ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು ನಾಲ್ಕು ಸಂಕೇತಗಳು, ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಯುಟಿಎಫ್-8 ಎಂಬ ರೂಪದಲ್ಲಿ ಉಳಿಸಿದಾಗ 12 ಬೈಟ್‌ಗಳು. ಅಂಕಣದ ಮಿತಿಯನ್ನು ಬೈಟ್‌ಗಳಲ್ಲಿ ಎಣಿಸಿದರೆ ಉದ್ದನೆಯ ಹೆಸರು ನಡುವೆಯೇ ತುಂಡಾಗುತ್ತದೆ. ಅಂಕಿಗಳಲ್ಲೂ ಇಂಥದೇ ಸಂಕಟವಿದೆ. ಮಾಟುಂಗಾದ ಪಿನ್ ಕೋಡನ್ನು ೪೦೦೦೧೯ ಎಂದು ಕನ್ನಡ ಅಂಕಿಗಳಲ್ಲಿ ತುಂಬಿದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದನ್ನು ಸಂಖ್ಯೆಯೆಂದೇ ಓದಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯ ಸಾಮಾನ್ಯ ತಪಾಸಣೆ ತಿರಸ್ಕರಿಸುತ್ತದೆ. ಪರದೆಯ ಭಾಗವನ್ನು ಒಂದು ಭಾಷೆಯಲ್ಲೂ, ಮಾಹಿತಿಯನ್ನು ಪಡೆದು ಉಳಿಸುವ ಸರ್ವರ್‌ನ ಭಾಗವನ್ನು ಇನ್ನೊಂದು ಭಾಷೆಯಲ್ಲೂ ಬರೆದಿರುವಾಗ ಈ ಭಿನ್ನಾಭಿಪ್ರಾಯ ಪರೀಕ್ಷೆಯಲ್ಲಿ ಮಾತ್ರ ಬಯಲಾಗುತ್ತದೆ.

ನಾಲ್ಕನೆಯದು ಪರದೆಯನ್ನು ದಾಟಿ ನೇರವಾಗಿ ಸರ್ವರ್‌ಗೆ ಮಾಹಿತಿ ಕಳಿಸುವುದು. ಬ್ರೌಸರ್‌ನಲ್ಲಿರುವ ತಪಾಸಣೆ ಬಳಕೆದಾರನ ಅನುಕೂಲಕ್ಕೆ ಇರುವುದು. ಕೆಟ್ಟ ಉದ್ದೇಶದವನು ಅದನ್ನು ಸುಲಭವಾಗಿ ಬದಿಗೆ ಸರಿಸುತ್ತಾನೆ. ಪೋಸ್ಟ್‌ಮ್ಯಾನ್ ಎಂಬ ತಂತ್ರಾಂಶದಂತಹ ಸಾಧನದಿಂದ ಅದೇ ಮೈನಸ್ 2 ಕಳಿಸಿ, ಉತ್ತರವಾಗಿ ಬರುವ ಸಂಖ್ಯೆಯನ್ನು ಗಮನಿಸಿ. 400 ಬಂದರೆ ‘ನಿಮ್ಮ ಕೋರಿಕೆಯಲ್ಲಿ ತಪ್ಪಿದೆ’ ಎಂದು ಸರ್ವರ್ ತಿಳಿದು ಹೇಳಿದೆ ಎಂದರ್ಥ. 500 ಬಂದರೆ ಸರ್ವರ್ ತಾನೇ ಮುಗ್ಗರಿಸಿದೆ. ಟಿಕೆಟ್ ಕೊಡದಿದ್ದರೂ ಅದು ಬಗ್, ಅಂದರೆ ತಂತ್ರಾಂಶದ ದೋಷ, ಎಂದೇ ದಾಖಲಾಗಬೇಕು.

ಇನ್ನು ಸಂದರ್ಭದ ತಪ್ಪುಗಳು. ಸಂಜೆ ದಾದರ್‌ನ ನೂಕುನುಗ್ಗಲಿನಲ್ಲಿ ಲೋಕಲ್ ಹತ್ತುತ್ತಾ ಹಣ ಕಟ್ಟುವವರಿಗೆ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯ. ಪಾವತಿಯ ಬಟನ್ ಒತ್ತಿದ ಮರುಕ್ಷಣ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಅದೇ ಬಟನ್ ಎರಡು ಸಲ ಒತ್ತಿ. ಹಣ ಹೋದ ಮೇಲೆ ಹಿಂದಿನ ಪುಟಕ್ಕೆ ಮರಳಿ. ಒಂದೇ ಆರ್ಡರ್‌ಗೆ ಎರಡು ಬಾರಿ ಹಣ ಕಡಿತವಾಗಬಾರದು. ಕೆಟ್ಟ ಸಂಪರ್ಕದಿಂದ ಈ ವಿದ್ಯೆಗೆ ಲಾಭವೂ ಆಗಿದೆ ಎಂಬುದನ್ನು ಇಲ್ಲಿ ನೆನೆಯಬೇಕು. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಅವರು ಗುಡುಗು ಮಳೆಯ ರಾತ್ರಿ ಮನೆಯಿಂದ ದೂರವಾಣಿ ಮೂಲಕ ಕೆಲಸ ಮಾಡುತ್ತಿದ್ದಾಗ, ತಂತಿಯ ಗದ್ದಲದಿಂದ ನುಸುಳಿದ ಅಡ್ಡಾದಿಡ್ಡಿ ಅಕ್ಷರಗಳಿಗೇ ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಪ್ರೋಗ್ರಾಂಗಳು ಕುಸಿಯುವುದನ್ನು ಕಂಡರು. ಯಂತ್ರದಿಂದಲೇ ಸಾವಿರಾರು ಅರ್ಥಹೀನ ಮಾಹಿತಿಗಳನ್ನು ತಯಾರಿಸಿ ಕಳಿಸುವ ಫಝ್ ಟೆಸ್ಟಿಂಗ್ ಹುಟ್ಟಿದ್ದು ಹಾಗೆ.

ತಪ್ಪುಗಳ ಪಟ್ಟಿಗೆ ಕೊನೆಯಿಲ್ಲ, ಸಮಯಕ್ಕೆ ಇದೆ. ಹಣಕ್ಕೆ ಸಂಬಂಧಿಸಿದವು ಮೊದಲು, ಜನರ ಖಾಸಗಿ ವಿವರಗಳು ಆಮೇಲೆ, ಪರದೆಯ ಅಂದಚಂದ ಕೊನೆಗೆ ಎಂಬುದು ನನ್ನ ಕ್ರಮ. ಸಿಕ್ಕ ಬಗ್ ಬರೆಯುವಾಗ ಏನು ತುಂಬಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಯಥಾವತ್ತಾಗಿ ಬರೆಯಿರಿ. ತುಂಬಿದ್ದನ್ನು ನಕಲು ಮಾಡಿಯೇ ಅಂಟಿಸಿ, ನೆನಪಿನಿಂದ ಬರೆಯಬೇಡಿ.

ತಿದ್ದಿ ಬಂದ ಮೇಲೆ ಆ ಒಂದು ತಪ್ಪನ್ನಷ್ಟೇ ಅಲ್ಲ, ಅದರ ಅಕ್ಕಪಕ್ಕದ ಸರಿಗಳನ್ನೂ ಮತ್ತೆ ಪರೀಕ್ಷಿಸಬೇಕು. ನಮ್ಮ ಫಾರ್ಮ್ ತಿದ್ದಿದ ಹುಡುಗ ‘ಸೊನ್ನೆಗಿಂತ ಹೆಚ್ಚು, ಆರಕ್ಕಿಂತ ಕಡಿಮೆ’ ಎಂದು ಬರೆದಿದ್ದ. ಮೈನಸ್ 2 ನಿಂತಿತು, 7 ನಿಂತಿತು. ಮನೆಮಂದಿಗೆಲ್ಲ ಸೇರಿ 6 ಆಸನ ಕೇಳಿದವರಿಗೂ ಫಾರ್ಮ್ ಆಗುವುದಿಲ್ಲ ಎಂದಿತು. ಅದನ್ನು ಮರುದಿನವೇ ಸರಿಪಡಿಸಿ, 0, 1, 6, 7 ನಾಲ್ಕನ್ನೂ ಇನ್ನೊಮ್ಮೆ ತುಂಬಿ ನೋಡಿದ ಮೇಲೆಯೇ ಟಿಕೆಟ್ ಮಾರಾಟ ಶುರುವಾಯಿತು.