ಹಳೇ ಲ್ಯಾಪ್‌ಟಾಪ್, ಕೈಕೊಡುವ ನೆಟ್: ಲಿನಕ್ಸ್‌ನಲ್ಲಿ ಗೇಮ್ ಇಳಿಸಿಕೊಳ್ಳುವುದು ಹೇಗೆ?

ಕಕ್ಕಡ ತಿಂಗಳ ಮಳೆ ಹಿಡಿದರೆ ಕೊಡಗಿನಲ್ಲಿ ಅಂಗಳಕ್ಕೆ ಇಳಿಯುವುದೂ ಕಷ್ಟ. ಶಾಲೆಗೆ ರಜೆ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ. ಕರೆಂಟ್ ಬಂದರೂ ನೆಟ್ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಮನೆಯಲ್ಲಿರುವುದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್, ಅದಕ್ಕೆ ಲಿನಕ್ಸ್ ಹಾಕಿದ್ದೀರಿ ಅಂದುಕೊಳ್ಳಿ. ಆಗ ಯಾವ ಗೇಮ್ ಅನ್ನುವುದಕ್ಕಿಂತ, ಅದನ್ನು ಇಳಿಸಿಕೊಡುವ ತಂತ್ರಾಂಶ, ಅಂದರೆ ಕ್ಲೈಂಟ್, ಯಾವುದು ಅನ್ನುವುದೇ ದೊಡ್ಡ ಪ್ರಶ್ನೆ.

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ 2013ರಿಂದಲೇ ಲಿನಕ್ಸ್ ಕ್ಲೈಂಟ್ ಇದೆ. ಅದು ಮುಕ್ತ ತಂತ್ರಾಂಶ (ಓಪನ್ ಸೋರ್ಸ್) ಅಲ್ಲ, ಹಗುರವೂ ಅಲ್ಲ. ವ್ಯೂ ಮೆನುವಿನಲ್ಲಿ 'ಸ್ಮಾಲ್ ಮೋಡ್' ಆರಿಸಿದರೆ ಸ್ವಲ್ಪ ಹಗುರಾಗುತ್ತದೆ, ಅಷ್ಟೇ. ಜಿಒಜಿ ಮತ್ತು ಎಪಿಕ್ ಎಂಬ ಇನ್ನೆರಡು ಅಂಗಡಿಗಳು ಲಿನಕ್ಸ್‌ಗೆ ಕ್ಲೈಂಟ್ ಕೊಟ್ಟಿಲ್ಲ. ಆ ಕೊರತೆ ತುಂಬಿದವರು ಸ್ವಯಂಸೇವಕರು. ಅವರು ಬರೆದ ಮುಕ್ತ ಕ್ಲೈಂಟ್‌ಗಳೇ ಇಲ್ಲಿನ ವಿಷಯ.

ನನ್ನನ್ನು ಕೇಳಿದರೆ ಜಿಒಜಿಯಿಂದ ಶುರು ಮಾಡಿ. ಅಲ್ಲಿನ ಗೇಮ್‌ಗಳಿಗೆ ಕಾಪಿ ತಡೆಯುವ ಡಿಆರ್‌ಎಂ ಬೀಗ ಇಲ್ಲ. ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್ ಇಲ್ಲದೆಯೂ ಆಡಬಹುದು. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಇನ್ನೇನು ಬೇಕು? ಜಿಒಜಿ ಗೇಮ್ ಇಳಿಸಿಕೊಡುವ ಮುಕ್ತ ಕ್ಲೈಂಟ್ ಮಿನಿಗ್ಯಾಲಕ್ಸಿ.

ಮಿನಿಗ್ಯಾಲಕ್ಸಿ ಹಾಕುವುದು

ಲಿನಕ್ಸ್ ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು 'ಮಿನಿಗ್ಯಾಲಕ್ಸಿ' ಎಂದು ಹುಡುಕಿ. ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. 'ಸಿಸ್ಟಂ ಪ್ಯಾಕೇಜ್' ಮತ್ತು 'ಫ್ಲಾಟ್‌ಪ್ಯಾಕ್' ಎಂಬ ಎರಡು ಆಯ್ಕೆ ಕಂಡರೆ ಮೊದಲನೆಯದನ್ನೇ ಆರಿಸಿ. ಫ್ಲಾಟ್‌ಪ್ಯಾಕ್ ಕೆಟ್ಟದ್ದೇನಲ್ಲ. ಆದರೆ ಮೊದಲ ಸಲ ಹಾಕುವಾಗ ತನಗೆ ಓಡಲು ಬೇಕಾದ ಪೂರಕ ಫೈಲ್‌ಗಳು (ರನ್‌ಟೈಮ್) ಎಂದು ನೂರಾರು ಎಂಬಿ ಜೊತೆಗೆ ಎಳೆದುಕೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರೆ ಆ ದಿನದ ಡೇಟಾ ಅಲ್ಲಿಗೇ ಖಾಲಿ.

ಮಿನಿಗ್ಯಾಲಕ್ಸಿ ತೆರೆದಾಗ ಜಿಒಜಿಯ ಲಾಗಿನ್ ಪುಟ ಬರುತ್ತದೆ. ಖಾತೆ ಇಲ್ಲದಿದ್ದರೆ ಮೊದಲು ಬ್ರೌಸರ್‌ನಲ್ಲಿ ಮಾಡಿಕೊಳ್ಳಿ. ಹಾಗೇ ಒಂದು ಉಚಿತ ಗೇಮನ್ನೂ ಖಾತೆಗೆ ಸೇರಿಸಿ. 1994ರ 'ಬಿನೀತ್ ಎ ಸ್ಟೀಲ್ ಸ್ಕೈ' ಒಳ್ಳೆಯದು. ಚಿಕ್ಕದು, ಲಿನಕ್ಸ್ ಆವೃತ್ತಿಯೂ ಇದೆ, ಎಂಥಾ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಲಾಗಿನ್ ಆದ ಮೇಲೆ ನಿಮ್ಮ ಗೇಮ್‌ಗಳ ಚಿತ್ರಗಳು ಸಾಲಾಗಿ ಕಾಣುತ್ತವೆ. ಡೌನ್‌ಲೋಡ್ ಒತ್ತಿ. ಇಳಿದು ಇನ್‌ಸ್ಟಾಲ್ ಆದ ಮೇಲೆ ಅದೇ ಜಾಗದಲ್ಲಿ ಪ್ಲೇ ಬಟನ್ ಬರುತ್ತದೆ. ನಡುವೆ ನೆಟ್ ಹೋದರೆ ಗಾಬರಿ ಬೇಡ. ಮತ್ತೆ ಡೌನ್‌ಲೋಡ್ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಡೌನ್‌ಲೋಡ್‌ಗೂ ಮೊದಲು ಪ್ರಿಫರೆನ್ಸಸ್‌ಗೆ ಹೋಗಿ 'ಕೀಪ್ ಇನ್‌ಸ್ಟಾಲರ್ಸ್' ಆನ್ ಮಾಡಿ. ಇದನ್ನು ಮರೆತರೆ ಇನ್‌ಸ್ಟಾಲ್ ಆದ ಕೂಡಲೇ ಇಳಿಸಿದ ಫೈಲ್ ಅಳಿಸಿಹೋಗುತ್ತದೆ. ಉಳಿಸಿಕೊಂಡರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಡಬಹುದು. ನಾಳೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದರೆ ಮತ್ತೆ ಇಳಿಸುವ ಕೆಲಸ ಇಲ್ಲ. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಫೈಬರ್ ಇರುವ ನೆಂಟರ ಮನೆಗೆ ಹೋದಾಗ ಇಳಿಸಿಕೊಂಡು ಬಂದರೂ ಆಯ್ತು.

ಎಪಿಕ್ ಗೇಮ್‌ಗಳಿಗೆ

ಎಪಿಕ್ ಪ್ರತಿ ಗುರುವಾರ ಉಚಿತ ಗೇಮ್ ಕೊಡುತ್ತದೆ. ಅದನ್ನು ಖಾತೆಗೆ ಸೇರಿಸಲು ಬ್ರೌಸರ್ ಸಾಕು. ಇಳಿಸಲು ಎರಡು ದಾರಿ ಇವೆ.

ಸುಲಭದ್ದು ಹೀರೋಯಿಕ್. ಎಪಿಕ್, ಜಿಒಜಿ, ಅಮೆಜಾನ್ ಮೂರೂ ಒಂದೇ ಕಡೆ. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್, ಪ್ರೋಟಾನ್ ಕೂಡ ಅದೇ ತಂದುಕೊಡುತ್ತದೆ. ಎಲ್ಲರೂ ಇದನ್ನು ಹಗುರ ಅಂತಾರೆ, ನಾನು ಒಪ್ಪುವುದಿಲ್ಲ. ಅದು ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು, ಅಂದರೆ ಒಳಗೆ ಇಡೀ ಬ್ರೌಸರ್ ಹೊತ್ತುಕೊಂಡಿದೆ. 8 ಜಿಬಿ ಇದ್ದರೆ ಧಾರಾಳವಾಗಿ ಹಾಕಿ. 4 ಜಿಬಿಗೆ ಬೇಡ.

ನಿಜಕ್ಕೂ ಹಗುರ ಅಂದರೆ ಲೆಜೆಂಡರಿ. ಹೀರೋಯಿಕ್ ಕೂಡ ಎಪಿಕ್ ಕೆಲಸಕ್ಕೆ ಒಳಗೊಳಗೆ ಇದನ್ನೇ ಬಳಸುತ್ತದೆ. ಇದಕ್ಕೆ ಕಿಟಕಿ, ಬಟನ್ ಇಲ್ಲ, ಟರ್ಮಿನಲ್‌ನಲ್ಲಿ ಟೈಪ್ ಮಾಡಬೇಕು. ಪೈಥಾನ್ ಪ್ರೋಗ್ರಾಂಗಳನ್ನು ಹಾಕಿಕೊಡುವ ಪಿಪ್‌ಎಕ್ಸ್ (pipx) ಮೂಲಕ 'ಲೆಜೆಂಡರಿ-ಜಿಎಲ್' (legendary-gl) ಹೆಸರಿನಲ್ಲಿ ಸಿಗುತ್ತದೆ. ಲೆಜೆಂಡರಿ (legendary) ಎಂದು ಬರೆದು ಮುಂದೆ ಆಥ್ (auth) ಕೊಟ್ಟರೆ ಲಾಗಿನ್, ಲಿಸ್ಟ್ (list) ಕೊಟ್ಟರೆ ಪಟ್ಟಿ. ಇನ್‌ಸ್ಟಾಲ್ (install) ಮತ್ತು ಲಾಂಚ್‌ನ (launch) ಮುಂದೆ ಗೇಮ್‌ನ ಹೆಸರನ್ನೂ ಸೇರಿಸಬೇಕು. ಇಲ್ಲೂ ಅರ್ಧಕ್ಕೆ ನಿಂತ ಡೌನ್‌ಲೋಡ್ ಮುಂದುವರಿಯುತ್ತದೆ. ಟರ್ಮಿನಲ್ ಅಂದರೆ ಆಗದವರಿಗೆ ಇದಕ್ಕೇ ಕಿಟಕಿ ಕೊಡುವ 'ರೇರ್' ಇದೆ.

ಲಾಗಿನ್‌ನಲ್ಲಿ ಜಾಸ್ತಿ ಜನ ಎಡವುವುದು ಒಂದು ಕಡೆ. ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಕೊಟ್ಟ ಮೇಲೆ ಬರೀ ಬಿಳಿ ಪುಟ, ಅದರಲ್ಲಿ ಕಾಗುಣಿತವೇ ಇಲ್ಲದ ಅಕ್ಷರಗಳ ಸಾಲು. ಎರರ್ ಬಂತು ಅಂತ ಮುಚ್ಚಬೇಡಿ. ಅದರಲ್ಲೇ 'ಆಥರೈಜೇಶನ್ ಕೋಡ್' ಎಂಬುದನ್ನು ಹುಡುಕಿ. ಅದರ ಮುಂದೆ ಉದ್ಧರಣ ಚಿಹ್ನೆಯೊಳಗೆ ಇರುವುದನ್ನಷ್ಟೇ ಕಾಪಿ ಮಾಡಿ ಟರ್ಮಿನಲ್‌ಗೆ ಅಂಟಿಸಿ. ಆ ಕೋಡ್ ಒಂದೇ ಸಲಕ್ಕೆ. ತಡ ಮಾಡಿದರೆ ಹಳಸುತ್ತದೆ, ಹೊಸದು ತರಬೇಕು.

ಎಪಿಕ್‌ನಲ್ಲಿ ಹೆಚ್ಚಿನವು ವಿಂಡೋಸ್ ಗೇಮ್‌ಗಳು. ಅವಕ್ಕೆ ವೈನ್ ಬೇಕು. ವೈನ್ ಜೊತೆ ಗೇಮ್‌ನ ಗ್ರಾಫಿಕ್ಸ್ ಅನುವಾದಿಸುವ ಡಿಎಕ್ಸ್‌ವಿಕೆಯ ಹೊಸ ಆವೃತ್ತಿಗೆ, ಗ್ರಾಫಿಕ್ಸ್ ಚಿಪ್‌ನಲ್ಲಿ ವಲ್ಕನ್ 1.3 ಎಂಬ ಸೌಲಭ್ಯ ಇರಲೇಬೇಕು. ಇಂಟೆಲ್ 6ನೇ ತಲೆಮಾರಿನ, ಅಂದರೆ 2015ರಿಂದ ಈಚಿನ ಚಿಪ್ ಇದ್ದರೆ ಚಿಂತೆ ಇಲ್ಲ. 4ನೇ ತಲೆಮಾರು ಅಥವಾ ಅದಕ್ಕೂ ಹಳೆಯದಾದರೆ ದೊಡ್ಡ ಗೇಮ್ ಇಳಿಸಿ ಡೇಟಾ ಸುಡಬೇಡಿ.

ಇವು ಯಾವುವೂ ಕಂಪನಿಗಳ ಅಧಿಕೃತ ಕ್ಲೈಂಟ್‌ಗಳಲ್ಲ. ಹಾಗಾಗಿ ಸಿಕ್ಕ ಸಿಕ್ಕ ಸೈಟ್‌ನಿಂದ ಇಳಿಸದೆ ಮಿಂಟ್‌ನ ಭಂಡಾರ ಅಥವಾ ಫ್ಲಾಟ್‌ಪ್ಯಾಕ್‌ಗಳ ಭಂಡಾರವಾದ ಫ್ಲಾಟ್‌ಹಬ್‌ನಿಂದಲೇ (ಲೆಜೆಂಡರಿಯಾದರೆ ಪಿಪ್‌ಎಕ್ಸ್‌ನಿಂದ) ಹಾಕಿಕೊಳ್ಳಿ. ಖಾತೆಗೆ ಎರಡು ಹಂತದ ಭದ್ರತೆ ಇರಲಿ.

ಮಕ್ಕಳು ಮೊದಲು ಕೇಳುವುದು ಫೋರ್ಟ್‌ನೈಟ್ ಮತ್ತು ವ್ಯಾಲರಂಟ್, ಅಲ್ವಾ? ಅವುಗಳಲ್ಲಿ ಮೋಸದ ಆಟ ತಡೆಯುವ ಆ್ಯಂಟಿ-ಚೀಟ್ ಲಿನಕ್ಸ್ ಅನ್ನು ಒಳಗೆ ಬಿಡುವುದಿಲ್ಲ. ಯಾವ ಕ್ಲೈಂಟ್ ಹಾಕಿದರೂ ಅವು ಓಡುವುದಿಲ್ಲ ಎಂದು ಮೊದಲೇ ಹೇಳಿಬಿಡಿ.